ಹಳೇ ವ್ಯಾಕ್ಯೂಮ್ ಕ್ಲೀನರ್ ಎಳೆಯುತ್ತಿಲ್ಲವೇ? ಮೋಟರ್ ಬಿಚ್ಚುವ ಮುಂಚೆ ಇಷ್ಟು ನೋಡಿ

ಮೇ ತಿಂಗಳಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಹಳೇ ಮನೆ ಖಾಲಿ ಮಾಡುತ್ತಿದ್ದರು. ಅಟ್ಟದ ಮೇಲಿಂದ ಒಂದು ವ್ಯಾಕ್ಯೂಮ್ ಕ್ಲೀನರ್ ಇಳಿಸಿ ಅಂಗಳದಲ್ಲಿಟ್ಟಿದ್ದರು. ಉದ್ದನೆಯ ತಗಡಿನ ಮೈ, ಕೆಳಗೆ ಜಾರಲು ಎರಡು ಪಟ್ಟಿ, ಮುಂದೆ ಕ್ಲಿಪ್ ಹಾಕುವ ಮುಚ್ಚಳ. "ಮೋಟರ್ ಹೋಗೇತ್ರಿ. ಸಪ್ಪಳ ಮಾಡ್ತೇತಿ, ಎಳಿಯೂದಿಲ್ಲ. ಭಂಗಾರದವ್ರಿಗೆ (ಗುಜರಿಯವರಿಗೆ) ಕೊಡೂಣು ಅಂತ ಇಟ್ಟೇನಿ" ಎಂದರು ಮನೆಯ ಅಜ್ಜ. ನಾನು ವೈರ್ ನೋಡಿ, ಮೀಟರ್ ಹಚ್ಚಿ ನೋಡಿ, ಆಮೇಲೆ ಚಾಲೂ ಮಾಡಿ ಒಂದು ನಿಮಿಷ ಸುಮ್ನೆ ಕೇಳಿದೆ. ಮೋಟರ್ ಹೋಗಿರಲಿಲ್ಲ. ₹800 ಕೊಟ್ಟು ಮನೆಗೆ ತಂದೆ.

"ಮೋಟರ್ ಹೋಗಿದೆ" ಎಂಬ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ನಾನೂ ಒಮ್ಮೆ ಅದನ್ನು ನಂಬಿದ್ದೆ. ವಡಗಾವಿಯಲ್ಲಿ ಕೊಂಡ ನನ್ನ ಮೊದಲ ಮಷಿನ್ ಎಳೆಯುತ್ತಿರಲಿಲ್ಲ. ಸೀದಾ ಮೋಟರ್ ಬಿಚ್ಚಿ ವೈಂಡಿಂಗ್ ಅಂಗಡಿಗೆ ಕೊಟ್ಟೆ. ಹೊಸ ತಂತಿ ಸುತ್ತಿಸಿ ತಂದು ಹಚ್ಚಿದರೆ ಎಳೆತ ಮೊದಲಿನಷ್ಟೇ. ಕೊನೆಗೆ ನೋಡಿದರೆ ಪೈಪಿನ ಬಾಯಿಯ ಹತ್ತಿರ, ಬಟ್ಟೆಯ ಹೊದಿಕೆಯ ಒಳಗೆ, ಗೇಣುದ್ದದ ಸೀಳು. ಸೈಕಲ್ ಟ್ಯೂಬಿನ ಒಂದು ತುಂಡಿನಲ್ಲಿ ಮುಗಿಯುವ ಕೆಲಸಕ್ಕೆ ಕಾರ್ಖಾನೆಯಲ್ಲಿ ಸುತ್ತಿದ್ದ ಒಳ್ಳೆಯ ವೈಂಡಿಂಗ್ ಕಿತ್ತು ಹಾಕಿಸಿದ್ದೆ. ಆ ಬೇಸರ ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಾಳಿಯ ದೋಷ ಯಾವುದು, ಕರೆಂಟಿನ ದೋಷ ಯಾವುದು ಎಂದು ಮೊದಲು ಬೇರೆ ಮಾಡಿಕೊಳ್ಳಿ. ಸ್ಕ್ರೂಡ್ರೈವರ್ ಹಿಡಿಯುವುದು ಆಮೇಲೆ.

ಕೊಳ್ಳುವಾಗ

ನಮ್ಮ ಕಡೆ ಇವು ಸಿಗುವುದು ಎರಡು ದಾರಿಯಿಂದ. ಯುರೇಕಾ ಫೋರ್ಬ್ಸ್ 1982ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಜೊತೆ ಸೇರಿ ಶುರುವಾದಾಗಿನಿಂದ ಮನೆಮನೆಗೆ ಹೋಗಿ ಕ್ಲೀನರ್ ಮಾರಿತು. ಆ ಕಾಲದ ಮಷಿನ್‌ಗಳು ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಇನ್ನೊಂದು ದಾರಿ ವಿದೇಶದಿಂದ ಯಾರೋ ತಂದದ್ದು. ಬೆಳಗಾವಿಯ ಕ್ಯಾಂಪ್ ಬಡಾವಣೆ ಕಡೆ ಹಳೇ ಬಂಗಲೆಗಳ ಸಾಮಾನು ಹೊರಬಿದ್ದಾಗ ಅಂಥವು ಕಣ್ಣಿಗೆ ಬೀಳುತ್ತವೆ.

ಮೊದಲು ಮೈಮೇಲಿನ ತಗಡಿನ ಪಟ್ಟಿ ಓದಿ. 220, 230 ಅಥವಾ 240 ವೋಲ್ಟ್ ಇದ್ದರೆ ಸರಿ. 110 ಅಥವಾ 120 ಇದ್ದರೆ ಅದು ಅಮೆರಿಕದ್ದಿರಬಹುದು. ನಮ್ಮ ಗೋಡೆಯ ಪ್ಲಗ್ಗಿಗೆ ಸೀದಾ ಹಚ್ಚಿದರೆ ನೋಡನೋಡುತ್ತಲೇ ಸುಡುತ್ತದೆ. ವೋಲ್ಟ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಮಷಿನ್‌ನ ವ್ಯಾಟ್‌ಗಿಂತ ಜಾಸ್ತಿ ತಾಳುವಂಥದ್ದು. 50 ಹರ್ಟ್ಸ್, 60 ಹರ್ಟ್ಸ್ ಎಂದು ಚಿಂತೆ ಮಾಡಬೇಡಿ. ಇವುಗಳಲ್ಲಿ ಇರುವುದು ಎಸಿ, ಡಿಸಿ ಎರಡರಲ್ಲೂ ತಿರುಗುವ ಯೂನಿವರ್ಸಲ್ ಮೋಟರ್. ಹಳೇ ಪಟ್ಟಿಗಳ ಮೇಲೆ "ಎಸಿ/ಡಿಸಿ" ಎಂದೇ ಬರೆದಿರುತ್ತದೆ. ನಿಮ್ಮ ಮನೆಯ ಮಿಕ್ಸರ್‌ನಲ್ಲಿರುವುದೂ ಇದೇ ಜಾತಿಯ ಮೋಟರ್. ಹೀಗಾಗಿ ಮಿಕ್ಸರ್ ರಿಪೇರಿ ಮಾಡುವವರಿಗೆ ಇದರ ಅರ್ಧ ಕೆಲಸ ಈಗಾಗಲೇ ಗೊತ್ತಿರುತ್ತದೆ.

ಆಮೇಲೆ ಮೂಗು. ಗಾಳಿ ಹೊರಬರುವ ಬಾಯಿಗೆ ಮೂಗು ಹಿಡಿಯಿರಿ. ಹಳೇ ಧೂಳಿನ ವಾಸನೆ ಇದ್ದರೆ ಚಿಂತೆಯಿಲ್ಲ. ಸುಟ್ಟ ವಾರ್ನಿಷ್ ವಾಸನೆ, ಮೂಗಿಗೆ ಚುಚ್ಚುವಂಥದ್ದು, ಬಂದರೆ ವೈಂಡಿಂಗ್ ಕಾದು ಸುಟ್ಟಿದೆ ಎಂದರ್ಥ. ಆಗ ಬೆಲೆ ತೀರಾ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ. ಪೈಪ್, ಮುಂದಿನ ನಳಿಕೆ, ಚೀಲ ಹಿಡಿಯುವ ರಿಂಗ್ ಇವೆಯೇ ನೋಡಿ. ಮೋಟರ್ ರಿಪೇರಿಯಾಗುತ್ತದೆ, ಕಳೆದುಹೋದ ರಿಂಗ್ ಮಾತ್ರ ಸಿಗುವುದಿಲ್ಲ.

ಕರೆಂಟ್ ಕೊಡುವ ಮುಂಚೆ

ಇದನ್ನು ಯಾರೂ ದಾಟಿ ಹೋಗಬಾರದು. ಹಳೇ ಮಷಿನ್‌ಗಳಲ್ಲಿ ಮೈ ತಗಡಿನದು, ಪ್ಲಗ್ ಎರಡು ಪಿನ್ನಿನದು. ಅರ್ಥಿಂಗ್ ಇರುವುದೇ ಇಲ್ಲ. ಒಳಗೆ ಎಲ್ಲಾದರೂ ಕರೆಂಟ್ ಮೈಗೆ ಮುಟ್ಟಿದರೆ ಅದು ಹೋಗುವುದು ನಿಮ್ಮ ಕೈಯ ಮೂಲಕ.

ವೈರ್ ಉದ್ದಕ್ಕೂ ಕೈಯಲ್ಲಿ ಹಿಡಿದು ಬಗ್ಗಿಸುತ್ತಾ ಹೋಗಿ. ರಬ್ಬರ್ ಪುಡಿಯಾದರೆ, ಬಿರುಕು ಕಂಡರೆ, ಟೇಪ್ ಸುತ್ತಬೇಡಿ. ಪೂರ್ತಿ ಬದಲಿಸಿ. 0.75 ಚದರ ಮಿಲಿಮೀಟರ್‌ನ ಮೂರು ಕೋರ್ ವೈರ್ ಸಾಕು. ಮೋಟರ್‌ನ ಚೌಕಟ್ಟು ತಗಡಿನ ಮೈಗೆ ತಾಗಿದ್ದರೆ ಮೂರನೇ ತಂತಿಯನ್ನು ಮೈಗೆ ಬಿಗಿದು ಮೂರು ಪಿನ್ನಿನ ಪ್ಲಗ್ ಹಾಕಿ. ಚೌಕದೊಳಗೆ ಚೌಕದ ಗುರುತು ಇರುವ ಪ್ಲಾಸ್ಟಿಕ್ ಮೈಯ ಮಷಿನ್‌ಗೆ ಅರ್ಥ್ ಬೇಡ. ಅದು ಡಬಲ್ ಇನ್ಸುಲೇಷನ್‌ನದು.

ಈಗ ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಕರೆಂಟಿನ ಸೋರಿಕೆ ನೋಡುವ ಮೀಟರ್. ಸಾದಾ ಮಲ್ಟಿಮೀಟರ್ ತೀರಾ ಕಡಿಮೆ ವೋಲ್ಟಿನಲ್ಲಿ ನೋಡುತ್ತದೆ, ಅದಕ್ಕೆ ಸಣ್ಣ ಸೋರಿಕೆ ಕಾಣುವುದಿಲ್ಲ. 500 ವೋಲ್ಟಿನ ಮೆಗ್ಗರ್ ಬೋರ್‌ವೆಲ್ ಮೋಟರ್ ಸುತ್ತುವ ಅಂಗಡಿಗಳಲ್ಲಿ ಇರುತ್ತದೆ. ಮಷಿನ್ ಒಯ್ದು ಕೇಳಿದರೆ ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಸ್ವಿಚ್ ಆನ್ ಸ್ಥಿತಿಯಲ್ಲಿಟ್ಟು, ಪ್ಲಗ್ಗಿನ ಎರಡೂ ಪಿನ್ ಸೇರಿಸಿ, ಪಿನ್ನಿಗೂ ಮೈಗೂ ನಡುವೆ ನೋಡಬೇಕು. ಎರಡು ಮೆಗಾಓಮ್‌ಗಿಂತ ಕಡಿಮೆ ಬಂದರೆ ನಾನು ಕರೆಂಟ್ ಕೊಡುವುದಿಲ್ಲ.

ಕಡಿಮೆ ಬಂದ ಮಾತ್ರಕ್ಕೆ ವೈಂಡಿಂಗ್ ಕೆಟ್ಟಿದೆ ಎನ್ನಬೇಡಿ. ಬೆಳಗಾವಿಯ ಜುಲೈ ತಿಂಗಳು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗೋಡೆ ಬೆವರುತ್ತದೆ, ಒಣಹಾಕಿದ ಬಟ್ಟೆ ಮೂರು ದಿನ ಹಸಿಯಾಗಿಯೇ ಇರುತ್ತದೆ. ಕ್ಯಾಂಪಿನಲ್ಲಿ ಮಳೆಗಾಲದಲ್ಲಿ ಕೊಂಡ ಒಂದು ಮಷಿನ್ ಅರ್ಧ ಮೆಗಾಓಮ್ ತೋರಿಸಿತು. ಮೋಟರ್ ಬಿಚ್ಚಿ ರಟ್ಟಿನ ಡಬ್ಬಿಯಲ್ಲಿಟ್ಟು, ಒಂದು ಮೂಲೆಯಲ್ಲಿ ರಟ್ಟಿಗೆ ತಾಗದಂತೆ 60 ವ್ಯಾಟಿನ ಹಳೇ ಬಲ್ಬ್ ಹಚ್ಚಿ, ಎರಡು ದಿನ ಕಾಸಿದೆ. ಹಗಲು ಕಣ್ಣೆದುರಿಗಿಟ್ಟು, ರಾತ್ರಿ ಆರಿಸುತ್ತಿದ್ದೆ. ಒಂಬತ್ತು ಮೆಗಾಓಮ್‌ಗೆ ಏರಿತು. ವಿಜಯಪುರ, ಬಾಗಲಕೋಟೆ ಕಡೆಯ ಮಷಿನ್‌ಗಳಲ್ಲಿ ಈ ತೊಂದರೆ ಕಡಿಮೆ. ಅಲ್ಲಿಯದು ಬೇರೆ, ಎರೆ ಮಣ್ಣಿನ ನುಣ್ಣನೆ ಧೂಳು ಬೇರಿಂಗ್‌ವರೆಗೂ ಹೊಕ್ಕಿರುತ್ತದೆ.

ಒಣಗಿಸಿದರೂ ಏರದಿದ್ದರೆ ಕಂಡೆನ್ಸರ್ ಬಿಚ್ಚಿ ಮತ್ತೆ ನೋಡಿ. ರೇಡಿಯೋದಲ್ಲಿ ಗರಗರ ಬರಬಾರದೆಂದು ಹಳೇ ಮಷಿನ್‌ಗಳಲ್ಲಿ ಕಾಗದ ಸುತ್ತಿದ ಒಂದು ಕಂಡೆನ್ಸರ್ ಹಾಕುತ್ತಿದ್ದರು. ಅದರಿಂದ ಒಂದು ತಂತಿ ಮೈಗೂ ಹೋಗಿರುತ್ತದೆ. ಕಾಗದ ತೇವ ಹೀರಿ ಸೋರಲು ಶುರುವಾದರೆ ಮೈ ಮುಟ್ಟಿದಾಗ ಜುಂ ಎನ್ನುತ್ತದೆ. ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಜನ ಮೂಲೆಗೆ ಹಾಕಿದ ಮಷಿನ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಎರಡು ತಂತಿಗಳ ನಡುವೆ ಎಕ್ಸ್2 ಗುರುತಿನ, 275 ವೋಲ್ಟ್ ಎಸಿಯ ಹೊಸ ಕಂಡೆನ್ಸರ್ ಹಾಕಿ. ಮೈಗೆ ಹೋಗುವ ಜಾಗದಲ್ಲಿ ವೈ ಗುರುತಿನದ್ದೇ ಬೇಕು. ಫ್ಯಾನಿನ ಕಂಡೆನ್ಸರ್ ತಂದು ಹಾಕಬೇಡಿ.

ಅಂಗೈ ಪರೀಕ್ಷೆ

ಈಗ ಚಾಲೂ ಮಾಡಿ. ಪೈಪ್ ಹಚ್ಚಿ, ಖಾಲಿ ಚೀಲ ಹಾಕಿ, ಮುಚ್ಚಳ ಬಿಗಿಯಿರಿ. ಪೈಪಿನ ತುದಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ. ಕಿವಿಗೊಟ್ಟು ಕೇಳಿ.

ಒಳ್ಳೆಯ ಮಷಿನ್‌ನ ದನಿ ಮುಚ್ಚಿದ ಕೂಡಲೇ ಮೇಲಕ್ಕೇರುತ್ತದೆ. ಹಾರ್ಮೋನಿಯಂ ಮೇಲೆ ಬೆರಳು ಎರಡು ಮೂರು ಮನೆ ಮೇಲೆ ಸರಿದ ಹಾಗೆ. ಇದನ್ನು ಕೇಳಿ ಮೋಟರ್ ತಿಣುಕುತ್ತಿದೆ ಎಂದುಕೊಳ್ಳುವವರೇ ಜಾಸ್ತಿ. ಆಗುವುದು ಉಲ್ಟಾ. ಮಷಿನ್ ಒಳಗೆ ಮೋಟರ್ ತಿರುಗಿಸುವ ಫ್ಯಾನಿಗೆ ಇರುವ ಕೆಲಸವೆಂದರೆ ಗಾಳಿಯನ್ನು ತಳ್ಳುವುದು. ಗಾಳಿ ಬರುವುದು ನಿಂತರೆ ಕೆಲಸ ಕಡಿಮೆಯಾಗುತ್ತದೆ, ಮೋಟರ್ ಹಗುರಾಗಿ ಜೋರಾಗಿ ತಿರುಗುತ್ತದೆ. ಕ್ಲ್ಯಾಂಪ್ ಮೀಟರ್ ಇದ್ದರೆ ಹಿಡಿದು ನೋಡಿ, ಆಂಪಿಯರ್ ಇಳಿಯುತ್ತದೆ.

ಇಷ್ಟು ತಿಳಿದರೆ ಉಳಿದದ್ದೆಲ್ಲ ಅದರೊಳಗೇ ಇದೆ. ಅಂಗೈ ಮುಚ್ಚಿದರೂ ದನಿ ಏರಲಿಲ್ಲವೇ? ಹಾಗಾದರೆ ಫ್ಯಾನಿಗೆ ಬೇರೆ ಎಲ್ಲಿಂದಲೋ ಗಾಳಿ ಸಿಗುತ್ತಿದೆ. ಅಂದರೆ ಸೋರಿಕೆ. ಮುಚ್ಚುವ ಮುಂಚೆಯೇ ದನಿ ಏರಿ ಕಿರುಚುವಂತಿದೆಯೇ, ಮುಚ್ಚಿದರೆ ಮತ್ತೇನೂ ಬದಲಾಗಲಿಲ್ಲವೇ? ಒಳಗೆ ಗಾಳಿಯ ದಾರಿ ಕಟ್ಟಿಕೊಂಡಿದೆ. ದನಿ ಮೊದಲಿನಿಂದಲೂ ಕುಗ್ಗಿದ್ದು, ಮುಚ್ಚಿದರೆ ಸ್ವಲ್ಪ ಏರಿ ಅಲ್ಲೇ ನಿಂತರೆ ಮಾತ್ರ ಮೋಟರ್ ಮೇಲೆ ಅನುಮಾನ ಪಡಿ. ಅದಕ್ಕೂ ಮುಂಚೆ ಮನೆಯ ವೋಲ್ಟೇಜ್ ನೋಡಿ. ಖಾನಾಪುರ ಕಡೆಯ ಹಳ್ಳಿಯೊಂದರಲ್ಲಿ ಸಂಜೆ ನೋಡಿದಾಗ ಮೀಟರ್ 180 ತೋರಿಸುತ್ತಿತ್ತು. ಅದೇ ಮಷಿನ್ ಬೆಳಿಗ್ಗೆ ಚೆನ್ನಾಗಿ ಎಳೆಯಿತು.

ಟಿಳಕವಾಡಿಯ ಮಷಿನ್ ಮೊದಲನೇ ಜಾತಿಯದು. ಅಂಗೈ ಮುಚ್ಚಿದರೂ ಅದೇ ದನಿ. ಆದರೆ ದನಿಯಲ್ಲಿ ಬಲ ಇತ್ತು, ನಡುಗು ಇರಲಿಲ್ಲ. ಅಂಗಳದಲ್ಲಿ ನಿಂತು ನನಗೆ ಗೊತ್ತಾದದ್ದು ಇಷ್ಟೇ, ಅಷ್ಟೇ ಸಾಕಿತ್ತು.

ಸೋರಿಕೆ ಹುಡುಕುವುದು

ಅರ್ಧ ಅರ್ಧ ಮಾಡುತ್ತಾ ಹೋಗಿ. ಪೈಪ್ ತೆಗೆದು, ಮಷಿನ್‌ನ ಬಾಯಿಯನ್ನೇ ಅಂಗೈಯಿಂದ ಮುಚ್ಚಿ. ಈಗ ದನಿ ಏರಿದರೆ ಮಷಿನ್ ಸರಿ, ಪೈಪ್ ಕಳ್ಳ. ಈಗಲೂ ಏರದಿದ್ದರೆ ಪೈಪ್ ಬದಿಗಿಟ್ಟು ಮೈ ಹುಡುಕಿ.

ಜಾಗ ಹಿಡಿಯಲು ಊದುಬತ್ತಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಕಿಟಕಿ ಮುಚ್ಚಿ, ಮನೆಯ ಫ್ಯಾನ್ ಆರಿಸಿ, ಮಷಿನ್‌ನ ಬಾಯಿ ಮುಚ್ಚಿ ಸ್ವಲ್ಪ ಸ್ವಲ್ಪ ಹೊತ್ತು ಚಾಲೂ ಮಾಡುತ್ತಾ ನೋಡಿ. ಊದುಬತ್ತಿಯನ್ನು ಎರಡು ಬೆರಳು ದೂರದಲ್ಲಿ, ಜೋಡುಗಳ ಉದ್ದಕ್ಕೂ ನಿಧಾನವಾಗಿ ಸರಿಸಿ. ಸೋರುವ ಜಾಗ ಬಂದ ಕೂಡಲೇ ಹೊಗೆಯ ಎಳೆ ಬಾಗಿ ಒಳಗೆ ಹೋಗುತ್ತದೆ. ಕೆಂಡ ಮಾತ್ರ ಒಳಗೆ ಹೋಗಬಾರದು, ಚೀಲದಲ್ಲಿ ಧೂಳೂ ಇರಬಾರದು. ಹಿಂದಿನ ಬಾಯಿಯ ಹತ್ತಿರ ಹೊಗೆ ಹೊರಗೆ ಚದುರಿದರೆ ಅದು ಸಹಜ. ಫ್ಯಾನ್ ದಾಟಿದ ಮೇಲಿನ ಸೋರಿಕೆಯಿಂದ ಎಳೆತ ಕಡಿಮೆಯಾಗುವುದಿಲ್ಲ.

ಟಿಳಕವಾಡಿಯ ಮಷಿನ್‌ನಲ್ಲಿ ಹೊಗೆ ಬಾಗಿದ್ದು ಮುಂದಿನ ಮುಚ್ಚಳದ ಕೆಳಗೆ. ಅಲ್ಲಿನ ರಬ್ಬರ್ ರಿಂಗ್ ಒಣಗಿ ಸೆಟೆದುಕೊಂಡಿತ್ತು. ಉಗುರು ತಾಗಿಸಿದರೆ ಹಪ್ಪಳದ ಹಾಗೆ ಮುರಿಯಿತು. ಬೆಳಗಾವಿಯ ಕಾರ್ಖಾನೆಗಳ ಪ್ರದೇಶವಾದ ಉದ್ಯಮಬಾಗದ ಕಡೆ ಗ್ಯಾಸ್ಕೆಟ್ ಶೀಟ್ ಮಾರುವ ಅಂಗಡಿಯಲ್ಲಿ 3 ಮಿಲಿಮೀಟರ್ ದಪ್ಪದ ಮೆತ್ತನೆ ರಬ್ಬರ್ ತಂದು, ಮುಚ್ಚಳವನ್ನೇ ಅಚ್ಚಾಗಿಟ್ಟು ಒಂದೇ ತುಂಡಾಗಿ ಕತ್ತರಿಸಿದೆ. ಕುಕ್ಕರ್ ರಿಂಗ್ ಕತ್ತರಿಸಿ ಕೂರಿಸಿದವರನ್ನೂ ನೋಡಿದ್ದೇನೆ. ತುದಿಗಳು ಸೇರುವ ಜಾಗದಲ್ಲಿ ಅದು ಆರು ತಿಂಗಳಲ್ಲಿ ಬಾಯಿ ಬಿಡುತ್ತದೆ, ನನಗೆ ಒಪ್ಪಿಗೆಯಿಲ್ಲ.

ಮುಚ್ಚಳ ಸರಿಯಿದ್ದರೂ ಮೈಯಲ್ಲಿ ಸೋರಿಕೆ ಉಳಿದರೆ ಒಳಗೆ ನೋಡಬೇಕು. ಮೋಟರ್ ಮತ್ತು ಮೈಯ ನಡುವೆ ಒಂದು ದಪ್ಪ ರಬ್ಬರ್ ಇರುತ್ತದೆ. ಅದು ಕುಸಿದರೆ ಫ್ಯಾನ್ ಹಿಂದೆ ಬಿಟ್ಟ ಗಾಳಿಯೇ ಸುತ್ತಿಕೊಂಡು ಮತ್ತೆ ಮುಂದೆ ಬರುತ್ತದೆ. ಹೊರಗಿನ ಹೊಗೆಗೆ ಇದು ಕಾಣುವುದಿಲ್ಲ. ಮೈ ಬೇಗ ಬಿಸಿಯಾಗುವುದೇ ಇದರ ಗುರುತು.

ಪೈಪಿನ ಸೀಳಿಗೆ ಸೈಕಲ್ ಟ್ಯೂಬ್ ತೊಡಿಸಿ ಎರಡೂ ಕಡೆ ನೂಲು ಬಿಗಿದರೆ ವರ್ಷಗಟ್ಟಲೆ ತಾಳುತ್ತದೆ. ಉದ್ದಕ್ಕೂ ಬಟ್ಟೆ ಸವೆದಿದ್ದರೆ ಹೊಸ ಪೈಪ್ ತಂದು, ಹಳೇ ಹಿತ್ತಾಳೆಯ ತುದಿಗಳನ್ನು ಅದಕ್ಕೆ ಕೂರಿಸಿ. ಆ ತುದಿಗಳನ್ನು ಎಸೆಯಬೇಡಿ.

ಕಟ್ಟಿಕೊಂಡಿದ್ದರೆ

ಇದು ಸುಲಭ. ಪೈಪಿನೊಳಗೆ ಒಂದು ಗೋಲಿ ಬಿಡಿ, ಆ ತುದಿಯಿಂದ ಹೊರಬರಬೇಕು. ಹಿಂದಿನ ಬಾಯಿಯಲ್ಲಿ ಇಲಿ ಗೂಡು ಕಟ್ಟಿದ್ದು ಎರಡು ಸಲ ಕಂಡಿದ್ದೇನೆ. ಒಳಗಿನ ಧೂಳು ತೆಗೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಮೂವತ್ತು ನಲವತ್ತು ವರ್ಷದ ಧೂಳು ಅದು.

ಚೀಲದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. 1908ರಲ್ಲಿ ಅಮೆರಿಕದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಪೇಟೆಂಟ್ ಪಡೆದು, ಹೂವರ್ ಕಂಪನಿ ಬೆಳೆಸಿದ, ನೆಟ್ಟಗೆ ನಿಲ್ಲುವ ಮಾದರಿಯಲ್ಲಿ ಧೂಳು ಮೊದಲು ಫ್ಯಾನಿಗೆ, ಆಮೇಲೆ ಚೀಲಕ್ಕೆ ಹೋಗುತ್ತಿತ್ತು. ಎಲೆಕ್ಟ್ರೋಲಕ್ಸ್ 1921ರಲ್ಲಿ ತಂದ ಮಾಡೆಲ್ ವಿ ನೆಲದ ಮೇಲೆ ಜಾರುವ ಉದ್ದನೆ ಡಬ್ಬಿ. ಅದರಲ್ಲಿ ಚೀಲ ಮೊದಲು, ಫ್ಯಾನ್ ಆಮೇಲೆ. ಭಾರತದ ಮನೆಗಳಲ್ಲಿ ಸಿಗುವ ಹಳೇ ಮಷಿನ್‌ಗಳು ಹೆಚ್ಚಾಗಿ ಈ ಎರಡನೇ ವಂಶದವು. ಚೀಲ ದಾಟಿದ ಗಾಳಿಯೇ ಮೋಟರ್ ಮೇಲೆ ಹರಿದು ಅದನ್ನು ತಂಪು ಮಾಡುತ್ತದೆ. ಹಾಗಾಗಿ ಚೀಲ ಕಟ್ಟಿಕೊಂಡರೆ ಎಳೆತ ಹೋಗುವುದಷ್ಟೇ ಅಲ್ಲ, ಮೋಟರ್ ಕಾಯುತ್ತದೆ. ಚೀಲ ಹರಿದರೆ ಧೂಳೆಲ್ಲ ಬೇರಿಂಗ್ ಮೇಲೆ, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡುಗಳ ಮೇಲೆ ಕೂರುತ್ತದೆ. ಅಂಗೈ ಪರೀಕ್ಷೆಯನ್ನೂ ಇದೇ ಕಾರಣಕ್ಕೆ ಹತ್ತು ಸೆಕೆಂಡ್‌ಗಿಂತ ಜಾಸ್ತಿ ಮಾಡಬೇಡಿ.

ಹಳೇ ಬಟ್ಟೆ ಚೀಲ ಕೊಡವಿದರೆ ಸ್ವಚ್ಛವಾದಂತೆ ಕಾಣುತ್ತದೆ, ಆದರೆ ನೂಲಿನ ಸಂದುಗಳಲ್ಲಿ ನುಣ್ಣನೆ ಧೂಳು ತುಂಬಿರುತ್ತದೆ. ಬಾಯಿಗೆ ಹಿಡಿದು ಊದಿ ನೋಡಿ, ಗಾಳಿ ದಾಟದಿದ್ದರೆ ಅದರ ಕಾಲ ಮುಗಿದಿದೆ. ಊದುವುದು ಒಳಗಿನಿಂದಲ್ಲ, ಹೊರಗಿನಿಂದ. ಹೊಸದನ್ನು ಮಾಂಜರಪಾಟ ಬಟ್ಟೆಯಲ್ಲಿ ಎರಡು ಪದರ ಹೊಲಿಸಿ. ಒಮ್ಮೆ ತೊಳೆದು ಒಣಗಿಸಿ ಹೊಲಿಸಿದರೆ ಆಮೇಲೆ ಕುಗ್ಗುವುದಿಲ್ಲ. ನಮ್ಮ ಗಲ್ಲಿಯ ಟೇಲರ್ ಕಾಕಾ ಹಳೇ ಚೀಲ ಬಿಚ್ಚಿ ಅದರ ಅಳತೆಗೇ ಹೊಲಿದುಕೊಟ್ಟರು. ಸಿಮೆಂಟ್, ಸುಣ್ಣದ ಪುಡಿಗೆ ಮಾತ್ರ ಇಂಥ ಮಷಿನ್ ಹಚ್ಚಲೇಬೇಡಿ.

ನಿಜವಾಗಿ ಮೋಟರ್ ದೋಷವಿದ್ದರೆ

ಚಾಲೂ ಆಗುವುದೇ ಇಲ್ಲವೆಂದರೆ ಪ್ಲಗ್ ತೆಗೆದು, ಪಿನ್‌ಗಳ ನಡುವೆ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ. ಸ್ವಿಚ್ ಆನ್ ಇರಲಿ. ಕೆಲವು ಓಮ್‌ನಿಂದ ಕೆಲವು ಹತ್ತು ಓಮ್ ಬಂದರೆ ದಾರಿ ಸರಿಯಿದೆ. ಏನೂ ಬರದಿದ್ದರೆ ಫ್ಯಾನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಓಮ್ ಬಂದು ಹೋಗಿ ಮಾಡಿದರೆ ಕಾರ್ಬನ್ ಸವೆದಿದೆ, ಇಲ್ಲವೇ ಗೂಡಿನಲ್ಲಿ ಸಿಕ್ಕಿಕೊಂಡಿದೆ. ಆಗಲೂ ಬರದಿದ್ದರೆ ವೈರ್, ಸ್ವಿಚ್, ಫೀಲ್ಡ್ ಕಾಯಿಲ್ (ಮೋಟರ್‌ನ ತಿರುಗದ ಸುರುಳಿ) ಹೀಗೆ ಒಂದೊಂದಾಗಿ ನೋಡುತ್ತಾ ಬನ್ನಿ.

ಕಾರ್ಬನ್ ಮೊದಲಿನ ಉದ್ದದ ಮೂರನೇ ಒಂದು ಭಾಗಕ್ಕೆ ಇಳಿದರೆ ಬದಲಿಸಿ. ಅದೇ ಅಳತೆಯದು ಸಿಗದಿದ್ದರೆ ಸ್ವಲ್ಪ ದೊಡ್ಡದನ್ನು ತಂದು, ಗಾಜಿನ ಮೇಲೆ ಪಾಲಿಷ್ ಪೇಪರ್ ಇಟ್ಟು ತಿಕ್ಕಿ ಇಳಿಸಿ. ಗೂಡಿನಲ್ಲಿ ಅದು ತಾನಾಗಿ ಜಾರಬೇಕು, ಅಲುಗಾಡಬಾರದು. ಆಮೇಲೆ ಕಮ್ಯುಟೇಟರ್, ಅಂದರೆ ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆಯ ಸುತ್ತ ನುಣ್ಣನೆ ಪಾಲಿಷ್ ಪೇಪರನ್ನು ಒರಟು ಬದಿ ಹೊರಗೆ ಮಾಡಿ ಸುತ್ತಿ, ಕೈಯಿಂದ ತಿರುಗಿಸಿ, ಕಾರ್ಬನ್ ತುದಿಗೆ ಅದೇ ಬಾಗು ಬರಿಸಿ. ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಎಮರಿ ಪೇಪರ್ ಬೇಡ, ಅದರ ಕಣಗಳು ತಾಮ್ರದಲ್ಲಿ ಹೂತು ಕಾರ್ಬನ್ ತಿನ್ನುತ್ತವೆ.

ಕಿಡಿ ನೋಡಿ ಹೆದರುವವರಿದ್ದಾರೆ. ಕಾರ್ಬನ್ ಅಂಚಿನಲ್ಲಿ ಸಣ್ಣ ನೀಲಿ ಕಿಡಿ ಸಹಜ. ಬೆಂಕಿ ಕಮ್ಯುಟೇಟರ್ ಸುತ್ತ ಬಳೆಯ ಹಾಗೆ ತಿರುಗಿದರೆ ಮಾತ್ರ ಕೂಡಲೇ ಆರಿಸಿ. ಪಟ್ಟಿಗಳ ನಡುವೆ ಇಂಗಾಲದ ಪುಡಿ ತುಂಬಿದ್ದರೆ ಕೊರೆದು ತೆಗೆಯಿರಿ. ತಾಮ್ರ ಸವೆದು ಪಟ್ಟಿಗಳ ನಡುವಿನ ಅಭ್ರಕ ಮೇಲೆದ್ದಿದ್ದರೆ ಲೇತ್‌ನಲ್ಲಿ ಕೂದಲೆಳೆಯಷ್ಟು ಹೊಡೆಸಿ, ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಅಭ್ರಕ ಇಳಿಸಬೇಕು. ಉದ್ಯಮಬಾಗದಲ್ಲಿ ಲೇತ್‌ಗೇನೂ ಬರವಿಲ್ಲ. ಆದರೆ ಇಷ್ಟು ಸಣ್ಣ ಕೆಲಸಕ್ಕೆ ಸಂಜೆ ಹೋಗಿ, "ಅಣ್ಣಾರ, ಸ್ವಲ್ಪ ನಿಧಾನ ಹೊಡೀರಿ" ಎಂದು ಪಕ್ಕದಲ್ಲೇ ನಿಂತು ಮಾಡಿಸಿ. ಇಷ್ಟಾದರೂ ಬಳೆ ನಿಲ್ಲದಿದ್ದರೆ ಅಕ್ಕಪಕ್ಕದ ಪಟ್ಟಿಗಳ ನಡುವೆ ಓಮ್ ನೋಡುತ್ತಾ ಒಂದು ಸುತ್ತು ಬನ್ನಿ. ಎಲ್ಲ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಜಾಗದಲ್ಲಿ ಏಕಾಏಕಿ ಏರಿದರೆ ಅಥವಾ ಸೊನ್ನೆಗೆ ಇಳಿದರೆ ಆರ್ಮೇಚರ್ (ಮೋಟರ್‌ನ ತಿರುಗುವ ಭಾಗ) ಸುತ್ತಿಸಲೇಬೇಕು. ಆಗ ಮಾತ್ರ.

ಗರಗರ ಸಪ್ಪಳ ಬೇರಿಂಗಿನದು. ಎಷ್ಟೋ ಮಷಿನ್‌ಗಳಲ್ಲಿ 608 ನಂಬರಿನ ಬೇರಿಂಗ್ ಇರುತ್ತದೆ. ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್. ಎಲ್ಲಾ ಬೇರಿಂಗ್ ಅಂಗಡಿಗಳಲ್ಲೂ ಸಿಗುತ್ತದೆ. ಪುಲ್ಲರ್‌ನಿಂದ ತೆಗೆಯಿರಿ, ಸುತ್ತಿಗೆ ಬೇಡ. ಫ್ಯಾನಿನ ನಟ್ ಕೆಲವದರಲ್ಲಿ ಉಲ್ಟಾ ಥ್ರೆಡ್ ಇರುತ್ತದೆ, ಬಲ ಹಾಕುವ ಮುಂಚೆ ನೋಡಿಕೊಳ್ಳಿ. ಬೇರಿಂಗ್ ಬದಲು ಬುಶ್ (ಗುಂಡುಗಳಿಲ್ಲದ ಲೋಹದ ಬಳೆ) ಇದ್ದರೆ ಅದರ ಸುತ್ತಲಿನ ಉಣ್ಣೆಗೆ ನಾಲ್ಕು ಹನಿ ಹೊಲಿಗೆ ಮಷಿನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಬಿಟ್ಟ ಮಷಿನ್ ಒಂದು ನನ್ನ ಕೈಗೆ ಬಂದಿತ್ತು. ಬೆಳಗಾವಿಯ ಡಿಸೆಂಬರ್ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಶಾಫ್ಟ್ ಅಲುಗುತ್ತಿರಲಿಲ್ಲ.

ಮತ್ತೆ ಜೋಡಿಸಿದ ಮೇಲೆ

ಫ್ಯಾನ್ ಹಾಕದೆ ಈ ಮೋಟರನ್ನು ಪೂರ್ತಿ ಕರೆಂಟಿಗೆ ಎಂದೂ ಹಚ್ಚಬೇಡಿ. ತಡೆಯುವ ಹೊರೆ ಇಲ್ಲದಿದ್ದರೆ ವೇಗ ಏರುತ್ತಲೇ ಹೋಗಿ ಆರ್ಮೇಚರ್ ಸಿಡಿಯಬಹುದು. ಫ್ಯಾನ್ ಕೂರಿಸಿ, ಮೊದಲ ಸಲ 200 ವ್ಯಾಟಿನ ಹಳೇ ಬಲ್ಬನ್ನು ಸೀರೀಸ್‌ನಲ್ಲಿ (ಕರೆಂಟ್ ಬಲ್ಬ್ ದಾಟಿಯೇ ಮೋಟರ್‌ಗೆ ಹೋಗುವಂತೆ) ಹಾಕಿ ನಿಧಾನವಾಗಿ ತಿರುಗಿಸಿ ನೋಡಿ. ತೊಡಕಿಲ್ಲದೆ ತಿರುಗಿದರೆ ಸೀದಾ ಕೊಡಿ. ಕರೆಂಟ್ ಸೋರಿದರೆ ತಾನೇ ಆರಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರುವ ಬೋರ್ಡಿನಲ್ಲೇ ಹಚ್ಚಿ.

ಹತ್ತು ನಿಮಿಷ ಓಡಿಸಿ ಆರಿಸಿ, ಮೈ ಮುಟ್ಟಿ ನೋಡಿ, ಹಿಂದಿನ ಬಾಯಿ ಮೂಸಿ ನೋಡಿ. ಹೊಸ ಕಾರ್ಬನ್ ಕೂರುವವರೆಗೆ ಸ್ವಲ್ಪ ವಾಸನೆ ಬರುತ್ತದೆ. ಆಮೇಲೆ ಇನ್ನೊಮ್ಮೆ ಅಂಗೈ ಮುಚ್ಚಿ. ಟಿಳಕವಾಡಿಯ ಮಷಿನ್‌ಗೆ ನಾನು ಮಾಡಿದ್ದು ಹೊಸ ವೈರ್, ಮುಚ್ಚಳದ ರಬ್ಬರ್, ಎರಡು ಪದರದ ಚೀಲ, ಒಂದು ಜೊತೆ ಕಾರ್ಬನ್. ಮೋಟರ್‌ನ ವೈಂಡಿಂಗ್ ಮುಟ್ಟಲಿಲ್ಲ. ಅಂಗೈ ಇಟ್ಟ ಕೂಡಲೇ ದನಿ ಏರಿತು, ಕೈ ಕಿತ್ತುಕೊಳ್ಳಲು ಎರಡನೇ ಕೈ ಬೇಕಾಯಿತು.